ಗಂಡನ ಕಾಲಿನ ಮುಲಾಮು ಮನೆಮಂದಿಗೆಲ್ಲ ಬೇಡ

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಹೋದ ವರ್ಷ ನನ್ನ ಗಂಡನ ಕಾಲಿನ ಗಂಟಿನ ಹತ್ತಿರ ಇಸುಬು ಆಗಿ, ಚರ್ಮ ದಪ್ಪಗಟ್ಟಿ ತುರಿಸುತ್ತಿತ್ತು. ಮಂಗಳೂರಿನ ಡಾಕ್ಟರು ಕ್ಲೋಬೆಟಸಾಲ್ ಮುಲಾಮು ಕೊಟ್ಟರು. ಎರಡು ವಾರದಲ್ಲಿ ಗುಣವಾಯಿತು. ಈ ಮಳೆಗಾಲದಲ್ಲಿ ನನ್ನ ಸೊಂಟದಲ್ಲಿ, ಲಂಗದ ಲಾಡಿ ಕಟ್ಟುವಲ್ಲಿ, ಉರುಟು ಕಲೆ ಎದ್ದಿತು. ಉಳಿದಿದ್ದ ಮುಲಾಮನ್ನೇ ಹಚ್ಚಿದೆ. ಎರಡೇ ದಿನದಲ್ಲಿ ತುರಿಕೆ ನಿಂತಿತು. ಬಿಟ್ಟರೆ ಮತ್ತೆ ಬರುತ್ತದೆ. ಎರಡು ತಿಂಗಳಾಯಿತು, ಈಗ ಹೊಟ್ಟೆಯವರೆಗೂ ಹರಡಿದೆ. ಮೊನ್ನೆ ಎಂಟು ತಿಂಗಳ ಮಗುವಿನ ತೊಡೆಸಂದು ಕೆಂಪಾಗಿದೆ ಎಂದು ಅತ್ತೆ ಅದನ್ನೇ ಮೂರು ಸಲ ಹಚ್ಚಿದರು. ಪಕ್ಕದ ಮನೆಯವರು ‘ಸ್ಟೀರಾಯ್ಡ್ ಅಂದ್ರೆ ವಿಷ, ಎಸೆಯಿರಿ’ ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಪೆರ್ಲ

ಉತ್ತರ: ಮೊದಲು ಮಗುವಿನ ವಿಷಯ. ಇವತ್ತಿನಿಂದಲೇ ಆ ಮುಲಾಮು ಮಗುವಿಗೆ ಬೇಡ. ಮೂರು ಸಲ ಹಚ್ಚಿದ್ದಕ್ಕೆ ಗಾಬರಿಯಾಗಬೇಡಿ, ಅತ್ತೆಯನ್ನು ಬೈಯಲೂ ಬೇಡಿ. ಆದರೆ ಕ್ಲೋಬೆಟಸಾಲ್ ಅನ್ನುವುದು ಕೆಂಪು, ತುರಿಕೆ ಇಳಿಸಲು ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ತುಂಬಾ ಜೋರಿನದು. ಮಗುವಿನ ಚರ್ಮ ತೆಳು. ತೊಡೆಸಂದಿನಲ್ಲಿ ಇನ್ನೂ ತೆಳು. ಮೇಲಿಂದ ಡಯಾಪರ್ ಕಟ್ಟಿದರೆ ಮದ್ದು ಒಳಗೆ ಇಳಿಯುವುದು ಜಾಸ್ತಿ. ಸದ್ಯಕ್ಕೆ ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಸ್ವಲ್ಪ ಹೊತ್ತು ಡಯಾಪರ್ ಇಲ್ಲದೆ ಗಾಳಿಗೆ ಬಿಡಿ. ಸಿಂಕ್ ಆಕ್ಸೈಡ್ ಮುಲಾಮು ಸವರಬಹುದು. ಈ ವಾರವೇ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಸೊಂಟ. ಲಾಡಿ ಕಟ್ಟುವ ಜಾಗ, ಮಳೆಗಾಲ, ಉರುಟು ಕಲೆ ಅಂದರೆ ನನಗೆ ಮೊದಲು ನೆನಪಾಗುವುದು ಗಜಕರ್ಣ. ಅದು ಫಂಗಸ್‌ನಿಂದ ಬರುವುದು. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಗಜಕರ್ಣವೇ ಆಗಿದ್ದರೆ ಏನಾಗಿದೆ ಗೊತ್ತಾ? ಫಂಗಸ್ ಬಂದಾಗ ನಮ್ಮ ಮೈ ಅದರ ಜೊತೆ ಹೋರಾಡುತ್ತದೆ. ಆ ಕೆಂಪು, ಆ ತುರಿಕೆ ಎಲ್ಲ ಆ ಹೋರಾಟದ್ದೇ. ಸ್ಟೀರಾಯ್ಡ್ ಹೋರಾಟವನ್ನು ನಿಲ್ಲಿಸಿತು, ಫಂಗಸನ್ನು ಅಲ್ಲ. ನಿಮಗೆ ಹಾಯೆನಿಸಿತು, ಅದು ಸದ್ದಿಲ್ಲದೆ ಹೊಟ್ಟೆಗೆ ಹಬ್ಬಿತು. ಉರುಟಿನ ಅಂಚೂ ಅಳಿಸಿಹೋಗುವುದರಿಂದ ಎಷ್ಟೋ ಸಲ ನಮ್ಮಂಥ ಡಾಕ್ಟರಿಗೇ ಗುರುತು ಸಿಗುವುದಿಲ್ಲ. ಕಲೆಯ ಮೇಲೆ ಏಳುವ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಹಾಗಾಗಿ ಚರ್ಮದ ಡಾಕ್ಟರ ಹತ್ತಿರ ಬೇಗ ಹೋಗಿ. ಟ್ಯೂಬನ್ನೂ ತೆಗೆದುಕೊಂಡು ಹೋಗಿ, ಎರಡು ತಿಂಗಳು ಹಚ್ಚಿದ್ದನ್ನು ಮುಚ್ಚಿಡಬೇಡಿ. ಆ ಮುಲಾಮು ನಿಲ್ಲಿಸಿದ ಮೇಲೆ ಕೆಲವು ದಿನ ಕೆಂಪು, ತುರಿಕೆ ಹೆಚ್ಚಬಹುದು. ಆಗ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುವವರೇ ಜಾಸ್ತಿ. ಫಂಗಸ್‌ನ ಮದ್ದು ಕೊಟ್ಟರೆ ಕಲೆ ಮಾಯವಾದರೂ ಹೇಳಿದಷ್ಟು ದಿನ ಹಚ್ಚಿ. ಬೈರಾಸು ಪ್ರತಿಯೊಬ್ಬರಿಗೂ ಬೇರೆ ಇರಲಿ. ಮಳೆಗೆ ಬಟ್ಟೆ ಒಣಗದಿದ್ದರೆ ಇಸ್ತ್ರಿ ಹಾಕಿಯೇ ಉಡಿ.

ನಿಮ್ಮ ಗಂಡನಿಗೆ ಸಿಕ್ಕಿದ್ದು ಸರಿಯಾದ ಮದ್ದೇ. ದಪ್ಪಗಟ್ಟಿದ ಇಸುಬಿಗೆ ಜೋರಿನದೇ ಬೇಕು. ವಿಷ ಅಂತ ಹೆದರಿ ಕಡಿಮೆ ಹಚ್ಚಿ, ವರ್ಷಗಟ್ಟಲೆ ಕೆರೆದುಕೊಳ್ಳುವವರನ್ನೂ ನಾನು ನೋಡುತ್ತೇನೆ. ಅಳತೆ ಸುಲಭ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಕಾಲಿನ ಕಲೆ ಒಂದು ಅಂಗೈಯಷ್ಟಿತ್ತು ಅಂತಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ, 14 ದಿನ ಹಚ್ಚಿದರೂ 7 ಗ್ರಾಂ. 30 ಗ್ರಾಮಿನ ಟ್ಯೂಬಾದರೆ 23 ಗ್ರಾಂ ಉಳಿಯಿತಲ್ವಾ? ದುಡ್ಡು ಕೊಟ್ಟ ಮದ್ದನ್ನು ಯಾರೂ ಎಸೆಯುವುದಿಲ್ಲ. ಕನ್ನಡಿಯ ಹತ್ತಿರ ಇಡುತ್ತಾರೆ. ಆ ಉಳಿದ 23 ಗ್ರಾಮೇ ಮನೆಮಂದಿಯ ಮುಖಕ್ಕೆ, ಕಂಕುಳಿಗೆ, ಮಗುವಿಗೆ ಹೋಗುವುದು. ಕಣ್ಣಿನ ರೆಪ್ಪೆ, ಮುಖ, ತೊಡೆಸಂದು ಮದ್ದನ್ನು ಅಂಗಾಲಿಗಿಂತ ಎಷ್ಟೋ ಪಟ್ಟು ಹೀರಿಕೊಳ್ಳುತ್ತವೆ. ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣುತ್ತದೆ, ಮುಖದಲ್ಲಿ ಮೊಡವೆ, ಕೂದಲು ಬರುತ್ತದೆ.

ಕುಂಬಳೆಯ ನನ್ನ ಕ್ಲಿನಿಕ್ಕಿಗೆ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ತೊಡೆಸಂದಿಗೆ ಅಂಗಡಿಯಿಂದ ತಂದ ಕ್ರೀಮನ್ನು ಆರು ತಿಂಗಳು ಹಚ್ಚಿದ್ದಳು. ಫಂಗಸ್‌ನ ಮದ್ದು, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಸೇರಿದ್ದು. ಫಂಗಸ್ ಹೋಯಿತು. ಚರ್ಮ ಸೀಳಿದಂತಾದ ಗೆರೆಗಳು ಹೋಗಲಿಲ್ಲ. ‘ಇದು ಹೋಗುತ್ತದಾ ಡಾಕ್ಟ್ರೇ?’ ಅಂತ ಪ್ರತಿ ಸಲವೂ ಕೇಳುತ್ತಿದ್ದಳು. ಇಲ್ಲ ಅನ್ನಲು ನನಗೆ ಕಷ್ಟವಾಗುತ್ತಿತ್ತು. 2018ರಲ್ಲೇ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದರೆ ಸಿಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ‘ಬಿಳಿ ಮಾಡುವ ಕ್ರೀಮು’ ಅಂತ ಕೊಟ್ಟರೂ ಓದಿ ನೋಡಿ.

ಓದುವುದೇ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಕಷ್ಟ, ಅದೂ ನನಗೆ ಗೊತ್ತು. ಟ್ಯೂಬಿನಲ್ಲಿ ಇಂಗ್ಲಿಷ್, ಅಂಗಡಿಯ ಕವರಿನಲ್ಲಿ ಮಲಯಾಳ. ನಾನೂ ಇಲ್ಲಿನ ಕನ್ನಡ ಶಾಲೆಯಲ್ಲೇ ಓದಿದವಳು. ನನ್ನ ಅಮ್ಮನಿಗೆ ಇವತ್ತಿಗೂ ಎರಡೂ ಬರುವುದಿಲ್ಲ. ಅದಕ್ಕೇ ಮೇಜಿನ ಮೇಲೆ ಒಂದು ಮಾರ್ಕರ್ ಇಟ್ಟಿದ್ದೇನೆ. ಪ್ರತಿ ಟ್ಯೂಬಿನ ಮೇಲೂ ಯಾರಿಗೆ, ಎಲ್ಲಿಗೆ, ಯಾವ ತಾರೀಕಿಗೆ ನಿಲ್ಲಿಸಬೇಕು ಅಂತ ಕನ್ನಡದಲ್ಲಿ ಬರೆದುಕೊಡುತ್ತೇನೆ. ನಿಮ್ಮ ಡಾಕ್ಟರ ಹತ್ತಿರವೂ ಬರೆಸಿಕೊಳ್ಳಿ, ಸಂಕೋಚ ಬೇಡ.

ಗಂಡನ ಟ್ಯೂಬಿನ ತಾರೀಕು ಮುಗಿದಿದ್ದರೆ ಎಸೆಯಿರಿ. ಇಲ್ಲದಿದ್ದರೆ ಅವರ ಹೆಸರು, ‘ಕಾಲಿಗೆ ಮಾತ್ರ’ ಅಂತ ಬರೆದು ಕನ್ನಡಿಯ ಹತ್ತಿರದಿಂದ ತೆಗೆದಿಡಿ. ಇಸುಬು ಮತ್ತೆ ಬಂದರೂ ಡಾಕ್ಟರನ್ನು ಕೇಳಿಯೇ ಹಚ್ಚಲಿ. ಮಗುವಿಗೆ ಜ್ವರ ಬಂದರೆ, ಆ ಜಾಗದಲ್ಲಿ ಗುಳ್ಳೆ ಎದ್ದು ಕೀವು ಸೋರಿದರೆ ಮಾತ್ರ ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.