ಕಾಕ್ಟೇಲ್ ಪುಸ್ತಕಗಳಲ್ಲಿ ಯಾವುದರಿಂದ ಶುರು ಮಾಡಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಕಾಕ್ಟೇಲ್ ಇತಿಹಾಸವನ್ನೂ ಬೆರೆಸುವ ಕೈಕೆಲಸವನ್ನೂ ಕಲಿಯಲು ಯಾವ ಪುಸ್ತಕ ಮೊದಲು ಓದಬೇಕು? ಹಳೆಯ ಪುಸ್ತಕ ನೋಡಿ ಮಾಡಿದ್ದು ಒಮ್ಮೆ ಹುಳಿ, ಒಮ್ಮೆ ನೀರುನೀರು ಆಗುವುದೇಕೆ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕಂತೆ. ಹಳೆಯ ಪುಸ್ತಕಗಳು ಕೆಲಸ ಬಲ್ಲವರಿಗಾಗಿ ಬರೆದಂಥವು. ಎಷ್ಟು ಹೊತ್ತು ಕುಲುಕಬೇಕು, ಪಾಕ ಎಷ್ಟು ಗಟ್ಟಿ ಇರಬೇಕು ಎಂಬುದನ್ನು ಅವು ಹೆಚ್ಚಾಗಿ ಹೇಳುವುದೇ ಇಲ್ಲ. ಆದ್ದರಿಂದ ಮೊದಲು ತಂತ್ರದ ಪುಸ್ತಕ ಓದಿ, ಇತಿಹಾಸ ಆಮೇಲೆ.

ತಂತ್ರಕ್ಕೆ ನನ್ನ ಮೊದಲ ಆಯ್ಕೆ ಜೆಫ್ರಿ ಮಾರ್ಗನ್‌ಥಾಲರ್ ಅವರ 'ದಿ ಬಾರ್ ಬುಕ್' (2014). ಇದರ ಅಧ್ಯಾಯಗಳು ಪಾನೀಯಗಳ ಹೆಸರಿನ ಮೇಲಿಲ್ಲ. ರಸ ಹಿಂಡುವುದು, ಪಾಕ, ಐಸ್, ಅಳತೆ, ಚಮಚದಲ್ಲಿ ಕಲಕುವುದು, ಮುಚ್ಚಿದ ಪಾತ್ರೆಯಲ್ಲಿ ಕುಲುಕುವುದು ಹೀಗೆ ಕೆಲಸಗಳ ಮೇಲಿವೆ. ಜೊತೆಗೆ ಡೇವ್ ಆರ್ನಾಲ್ಡ್ ಅವರ 'ಲಿಕ್ವಿಡ್ ಇಂಟೆಲಿಜೆನ್ಸ್' (2014) ಇದ್ದರೆ ಕಾರಣಗಳೂ ತಿಳಿಯುತ್ತವೆ. ಅದರಲ್ಲಿ ತಪ್ಪದೆ ಓದಬೇಕಾದದ್ದು ಐಸ್ ಕುರಿತ ಭಾಗ. ಐಸ್ ಕರಗಿದರೇನೇ ಪಾನೀಯ ತಣ್ಣಗಾಗುವುದು, ಹಾಗಾಗಿ ನೀರು ಸೇರದೆ ತಂಪು ಬರುವುದಿಲ್ಲ. ಆ ನೀರು ರೆಸಿಪಿಯ ಒಂದು ಸಾಮಗ್ರಿ ಎಂದೇ ಲೆಕ್ಕ ಇಡಿ.

ಇದನ್ನು ನೀವೇ ಅಳೆದು ನೋಡಬಹುದು. 60 ಮಿ.ಲೀ. ವಿಸ್ಕಿ, 22.5 ಮಿ.ಲೀ. ನಿಂಬೆ ರಸ, 22.5 ಮಿ.ಲೀ. ಸಕ್ಕರೆ ಪಾಕ, ಒಟ್ಟು 105 ಮಿ.ಲೀ. ಶೇಕರ್ (ಕುಲುಕುವ ಪಾತ್ರೆ) ತುಂಬ ಐಸ್ ಹಾಕಿ 12 ಸೆಕೆಂಡು ಜೋರಾಗಿ ಕುಲುಕಿ, ಸೋಸಿ, ಅಳೆಯಿರಿ. 155ರಿಂದ 165 ಮಿ.ಲೀ. ಬಂದರೆ ಹದ ಸರಿಯಿದೆ. ಅದಕ್ಕಿಂತ ಬಹಳ ಹೆಚ್ಚು ಬಂದರೆ ಐಸಿನ ಮೈಮೇಲೆ ಮೊದಲೇ ನೀರಿತ್ತು ಎಂದರ್ಥ. ಆ ನೀರನ್ನು ಬಸಿದು ಮತ್ತೆ ಮಾಡಿ. ಕಡಿಮೆ ಬಂದರೆ ಕುಲುಕಿದ್ದು ಸಾಲದು. ಹುಳಿ ರಸವಿಲ್ಲದ ಪಾನೀಯಗಳನ್ನು ಕಲಕಬೇಕು, ಅವಕ್ಕೆ ನೀರು ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು.

ಪಾಕದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಸಕ್ಕರೆ, ನೀರು ಸಮ ತೂಕ ಹಾಕಿದರೆ ಪಾಕದಲ್ಲಿ ಅರ್ಧ ಸಕ್ಕರೆ ಇರುತ್ತದೆ. ಲೋಟದಲ್ಲಿ ಅಳೆದು ಸಮ ಹಾಕಿದರೆ ಸುಮಾರು 45% ಮಾತ್ರ, ಏಕೆಂದರೆ ಸಕ್ಕರೆ ಕಾಳುಗಳ ನಡುವೆ ಗಾಳಿಯಿರುತ್ತದೆ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಗಟ್ಟಿ ಪಾಕವಾದರೆ 22.5 ಮಿ.ಲೀ. ಜಾಗದಲ್ಲಿ 15 ಮಿ.ಲೀ.ಗಿಂತ ಸ್ವಲ್ಪವೇ ಹೆಚ್ಚು ಸಾಕು. ತಕ್ಕಡಿ ಬಳಸಿ.

ಇಷ್ಟು ಕೈಗೆ ಬಂದ ಮೇಲೆ ಇತಿಹಾಸಕ್ಕೆ ಡೇವಿಡ್ ವಂಡ್ರಿಚ್ ಅವರ 'ಇಂಬೈಬ್!' ಹಿಡಿಯಿರಿ. ಮೊದಲು ಬಂದದ್ದು 2007ರಲ್ಲಿ. 2015ರ ಪರಿಷ್ಕೃತ ಆವೃತ್ತಿಯನ್ನೇ ಕೊಳ್ಳಿ. ಅದರ ಕೇಂದ್ರದಲ್ಲಿರುವವರು ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್. 1862ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಅವರ 'ಹೌ ಟು ಮಿಕ್ಸ್ ಡ್ರಿಂಕ್ಸ್' ಪುಸ್ತಕವನ್ನು ನೇರವಾಗಿ ಓದಲು ಹೊರಟರೆ ಏನಾಗುತ್ತದೆ ನೋಡಿ. ಅವರ ವಿಸ್ಕಿ ಕಾಕ್ಟೇಲ್‌ಗೆ ಬೇಕಾದದ್ದು ಮೂರು ನಾಲ್ಕು ಡ್ಯಾಶ್ (ಒಂದು ಡ್ಯಾಶ್ ಎಂದರೆ ಕೆಲವೇ ಹನಿ) ಗಮ್ ಸಿರಪ್, ಎರಡು ಡ್ಯಾಶ್ 'ಬೊಗಾರ್ಟ್' ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ), ಒಂದು ವೈನ್‌ಗ್ಲಾಸ್ ವಿಸ್ಕಿ, ನಿಂಬೆ ಸಿಪ್ಪೆ ಒಂದು ತುಂಡು. ವೈನ್‌ಗ್ಲಾಸ್ ಎಂದರೆ ಈಗಿನ ವೈನ್ ಲೋಟವಲ್ಲ, 60 ಮಿ.ಲೀ.ನ ಅಳತೆ. ಗಮ್ ಸಿರಪ್ ಎಂದರೆ ಗೋಂದು ಬೆರೆಸಿದ ಸಕ್ಕರೆ ಪಾಕ. 'ಬೊಗಾರ್ಟ್' ಎನ್ನುವುದು 'ಬೋಕರ್' ಎಂಬ ಬಿಟರ್ಸ್ ಹೆಸರಿನ ತಪ್ಪು ರೂಪ. ಲೋಟದ ಮೂರನೇ ಒಂದು ಭಾಗ ತುಂಬುವಷ್ಟು ಪುಡಿ ಐಸ್ ಹಾಕಿ ಕುಲುಕಿ ಎನ್ನುತ್ತಾರೆ; ಪುಡಿ ಐಸ್ ಬೇಗ ಕರಗುತ್ತದೆ, ಕೈ ತಡವಾದರೆ ನೀರಾಯಿತು. ದೊಡ್ಡ ಐಸ್ ತುಂಡುಗಳಲ್ಲಿ ಕಲಕುವುದೇ ಒಳ್ಳೆಯದು.

ಲಂಡನ್ನಿನ ಸವಾಯ್ ಹೋಟೆಲಿನ ಬಾರ್‌ಟೆಂಡರ್ ಹ್ಯಾರಿ ಕ್ರಾಡಾಕ್ ಅವರ 'ದಿ ಸವಾಯ್ ಕಾಕ್ಟೇಲ್ ಬುಕ್' (1930) ನೋಡಲು ಬಲು ಚೆಂದ. ಅಲ್ಲಿ ಅಳತೆಗಳು ಹೆಚ್ಚಾಗಿ ಭಿನ್ನರಾಶಿಯಲ್ಲಿವೆ. ವೈಟ್ ಲೇಡಿ ಎಂಬ ಕಾಕ್ಟೇಲ್‌ಗೆ ಅರ್ಧ ಜಿನ್, ಕಾಲು ಕ್ವಾಂಟ್ರೋ (ಕಿತ್ತಳೆ ಸ್ವಾದದ ಸಿಹಿ ಮದ್ಯ), ಕಾಲು ನಿಂಬೆ ರಸ. ಐಸ್ ಹಾಕುವ ಮೊದಲಿನ ಒಟ್ಟು ಅಳತೆ 90 ಮಿ.ಲೀ. ಎಂದು ಇಟ್ಟುಕೊಂಡರೆ 45, 22.5, 22.5 ಆಗುತ್ತದೆ.

ಕೊನೆಗೆ ಡೇವಿಡ್ ಎಂಬ್ಯುರಿ ಅವರ 'ದಿ ಫೈನ್ ಆರ್ಟ್ ಆಫ್ ಮಿಕ್ಸಿಂಗ್ ಡ್ರಿಂಕ್ಸ್' (1948). ಅವರು ವಕೀಲರು, ಬಾರ್ ಕೆಲಸ ಮಾಡಿದವರಲ್ಲ. ಆದರೂ ಯಾವ ಸಾಮಗ್ರಿ ಏಕೆ ಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ವಾದಿಸಿದ ಹಳೆಯ ಪುಸ್ತಕ ನನ್ನ ದೃಷ್ಟಿಯಲ್ಲಿ ಇನ್ನೊಂದಿಲ್ಲ. ಅವರ ಸೂತ್ರ ಎಂಟು ಪಾಲು ಮದ್ಯ, ಎರಡು ಪಾಲು ಹುಳಿ, ಒಂದು ಪಾಲು ಸಿಹಿ. 60 ಮಿ.ಲೀ. ಮದ್ಯಕ್ಕೆ ಇದು 15 ಮಿ.ಲೀ. ನಿಂಬೆ ರಸ, 7.5 ಮಿ.ಲೀ. ಪಾಕ. ಆ ಪಾಕ ಗಟ್ಟಿಯದಾಗಿರಬೇಕು. ಸಮ ತೂಕದ ತೆಳು ಪಾಕ ಹಾಕಿದರೆ ಹುಳಿಯೂ ಮದ್ಯದ ಖಾರವೂ ನಾಲಿಗೆಗೆ ಚುಚ್ಚುತ್ತವೆ. ಗಟ್ಟಿ ಪಾಕ ಹಾಕಿಯೂ ಹುಳಿ ಅನ್ನಿಸಿದರೆ ಪಾಕವನ್ನು 10 ಮಿ.ಲೀ.ಗೆ ಏರಿಸಿ, ನಿಂಬೆ ರಸವನ್ನು ಮುಟ್ಟಬೇಡಿ.