ಉಪ್ಪು ಯಾಕೆ ಪಾಕವಾಗುವುದಿಲ್ಲ?

ಪ್ರಶ್ನೆ: ಉಪ್ಪು, ಸಕ್ಕರೆ ಎರಡೂ ಬಿಳಿ ಹರಳು, ಎರಡೂ ನೀರಿಗೆ ಹಾಕಿದರೆ ಮಾಯ. ಆದರೆ ಒಣ ಬಾಣಲೆಗೆ ಹಾಕಿ ಬಿಸಿ ಮಾಡಿದರೆ ಸಕ್ಕರೆ ಕರಗಿ ಕಂದಾಗುತ್ತದೆ, ಉಪ್ಪು ಸುಮ್ನೆ ಚಟಪಟ ಅನ್ನುತ್ತದೆ. ಯಾಕೆ?

ಉತ್ತರ: ಎರಡರ ಒಳಗಿನ ಕಟ್ಟೇ ಬೇರೆ. ಉಪ್ಪು ಅಂದರೆ ಸೋಡಿಯಂ, ಕ್ಲೋರಿನ್ ಕೂಡಿ ಆದದ್ದು. ಸೋಡಿಯಂ ಪರಮಾಣುವಿನ ಹೊರ ಕವಚದಲ್ಲಿ ಇರುವುದು ಒಂದೇ ಎಲೆಕ್ಟ್ರಾನ್, ಕ್ಲೋರಿನ್‌ಗೆ ಕವಚ ತುಂಬಲು ಒಂದು ಕಡಿಮೆ. ಸೋಡಿಯಂ ಕೊಟ್ಟುಬಿಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ. ಈಗ ಎರಡೂ ಅಯಾನು, ಅಂದರೆ ವಿದ್ಯುದಾವೇಶ ಇರುವ ಪರಮಾಣು: ಸೋಡಿಯಂ ಧನ, ಕ್ಲೋರಿನ್ ಋಣ (ಈಗ ಅದರ ಹೆಸರು ಕ್ಲೋರೈಡ್), ನಡುವೆ ಜೋರು ಸೆಳೆತ. ಪಾಠದ ಪುಸ್ತಕದಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಪಕ್ಕಪಕ್ಕ ಬರೆದು ತೋರಿಸುತ್ತಾರೆ, ಅಲ್ವಾ? ಅದು ಅರ್ಧ ಸತ್ಯ. ಹರಳಿನೊಳಗೆ ಇದಕ್ಕೆ ಇದೇ ಜೋಡಿ ಅಂತೇನಿಲ್ಲ. ಒಂದೊಂದು ಸೋಡಿಯಂ ಸುತ್ತ 6 ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ 6 ಸೋಡಿಯಂ, ಹೀಗೇ ಹರಳಿನ ಅಂಚಿನವರೆಗೂ. ಈ ಹಿಡಿತ ಸಡಿಲಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು, ಬಾಣಲೆ ಅಷ್ಟು ಕಾಯುವುದಿಲ್ಲ. ಚಟಪಟ ಸದ್ದು? ಹರಳಿನೊಳಗೆ ಸಿಕ್ಕಿಕೊಂಡಿದ್ದ ನೀರು ಆವಿಯಾಗಿ ಅದನ್ನು ಸಿಡಿಸುತ್ತದೆ.

ಸಕ್ಕರೆಯ ಒಂದು ಅಣುವಿನಲ್ಲಿ 45 ಪರಮಾಣು. ಅವೆಲ್ಲ ಎಲೆಕ್ಟ್ರಾನ್ ಹಂಚಿಕೊಂಡು ಗಟ್ಟಿಯಾಗಿ ಕೂಡಿರುತ್ತವೆ, ಆದರೆ ಅಣು ಅಣುಗಳ ನಡುವೆ ಇರುವುದು ಅದಕ್ಕಿಂತ ಎಷ್ಟೋ ಸಡಿಲವಾದ ಹೈಡ್ರೋಜನ್ ಬಂಧ. ಹಾಗಾಗಿ 186 ಡಿಗ್ರಿ ಸುಮಾರಿಗೇ ಕರಗುತ್ತದೆ. ಕಂದಾಗುವಾಗ ಅಣುವಿನೊಳಗಿನ ಬಂಧಗಳೂ ಮುರಿದು ಬೇರೆ ಬೇರೆ ಸಂಯುಕ್ತಗಳಾಗಿರುತ್ತವೆ, ಆರಿಸಿಟ್ಟರೂ ಮತ್ತೆ ಸಕ್ಕರೆ ಆಗುವುದಿಲ್ಲ. ನೀರಿನಲ್ಲೂ ವ್ಯತ್ಯಾಸ ಇದೆ: ಉಪ್ಪು ಅಯಾನುಗಳಾಗಿ ಬಿಡಿಬಿಡಿಯಾಗುವುದರಿಂದ ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ. ಸಕ್ಕರೆ ಇಡೀ ಅಣುವಾಗೇ ಉಳಿಯುವುದರಿಂದ ಆ ನೀರಿಗೆ ಆ ಗುಣ ಬರುವುದಿಲ್ಲ.

ಪ್ರಶ್ನೆ: ಕ್ಲೋರಿನ್ ವಿಷ ಅಂತಾರೆ. ಉಪ್ಪಿನಲ್ಲಿ ಅದೇ ಇದ್ದರೂ ನಮಗೇನೂ ಆಗುವುದಿಲ್ಲವಲ್ಲ?

ಉತ್ತರ: ಕ್ಲೋರಿನ್ ಅನಿಲ ವಿಷವೇ, 1915ರಲ್ಲಿ ಯುದ್ಧದಲ್ಲಿ ಅದನ್ನು ಸೈನಿಕರ ಮೇಲೆ ಬಿಟ್ಟಿದ್ದರು. ಎಲೆಕ್ಟ್ರಾನ್ ಸಿಗದ ಕ್ಲೋರಿನ್ ಎದುರಿಗೆ ಸಿಕ್ಕಿದ್ದರಿಂದ ಕಿತ್ತುಕೊಳ್ಳುತ್ತದೆ, ಅದು ನಮ್ಮ ಶ್ವಾಸಕೋಶವೇ ಆದರೂ ಸರಿ. ಉಪ್ಪಿನಲ್ಲಿರುವುದಕ್ಕೆ ಎಲೆಕ್ಟ್ರಾನ್ ಆಗಲೇ ಸಿಕ್ಕಿದೆ, ಹಾಗಾಗಿ ತಣ್ಣಗಿರುತ್ತದೆ. ಹೆದರಬೇಕಾದದ್ದು ಬಚ್ಚಲಿನಲ್ಲಿ. ಬ್ಲೀಚ್‌ನಲ್ಲಿ ಸೋಡಿಯಂ ಹೈಪೊಕ್ಲೋರೈಟ್ ಇರುತ್ತದೆ, ಟಾಯ್ಲೆಟ್ ಕ್ಲೀನರ್ ಎಷ್ಟೋ ಸಲ ಹೈಡ್ರೋಕ್ಲೋರಿಕ್ ಆಸಿಡ್. ಜಾಸ್ತಿ ಬೆಳ್ಳಗಾಗಲಿ ಅಂತ ಎರಡನ್ನೂ ಸೇರಿಸಿದರೆ ನಿಜವಾದ ಕ್ಲೋರಿನ್ ಅನಿಲವೇ ಬರುತ್ತದೆ. ಗೊತ್ತಿಲ್ಲದೆ ಬೆರೆತು ಘಾಟು ಬಂತು ಅನ್ನಿ, ಉಜ್ಜುತ್ತಾ ನಿಲ್ಲಬೇಡಿ. ತಕ್ಷಣ ಹೊರಗೆ ಬನ್ನಿ, ಗಾಳಿ ಆಡಲು ಬಿಡಿ, ಕೆಮ್ಮು ಉಬ್ಬಸ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ.