ಎಡಗೈಗೂ ಗೊತ್ತಿರಲಿ

ತಂಗಿ, ನಿಮ್ಮ ಪತ್ರವನ್ನು ಇವರಿಗೂ ಓದಿ ಹೇಳಿದೆ. "ನಾವಿಬ್ಬರೂ ರಿಟೈರ್ ಆದವರು, ಎರಡು ವರ್ಷದ ಮಿಷನ್ ಸೇವೆಗೆ ಟಾಂಜಾನಿಯಾದ ತುಕುಯುಗೆ ಬರುತ್ತಿದ್ದೇವೆ. ಅಲ್ಲಿ ಒಂದು ವಾರ ಹೇಗೆ ಕಳೆಯುತ್ತದೆ? ಅರವತ್ತು ದಾಟಿದ ಮೇಲೆ ಭಾಷೆ ಬರುತ್ತದಾ? ಏನೇನು ತರಬೇಕು? ಬೇಜಾರಾಗುವುದಿಲ್ವಾ?" ಅಂತ ಕೇಳಿದ್ದೀರಿ. ಇವರು ಕಿಟಕಿಯ ಕಡೆ ನೋಡಿ, "ಮೊದಲು ಗಟ್ಟಿ ಕೊಡೆ ತರೋಕೆ ಹೇಳು" ಅಂದರು. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ.

ಆಫ್ರಿಕಾ ಅಂದರೆ ಬಿಸಿಲು ಅಂತ ನಾವೂ ಅಂದುಕೊಂಡಿದ್ದೆವು. 2003ರಲ್ಲಿ ಬರುವಾಗ ಇವರ ಸ್ವೆಟರನ್ನು ಉಡುಪಿಯ ಮನೆಯಲ್ಲೇ ಬಿಟ್ಟು ಬಂದೆ. ತುಕುಯು ರುಂಗ್ವೆ ಬೆಟ್ಟದ ತಪ್ಪಲಿನಲ್ಲಿದೆ. ಬಾಳೆ, ಟೀ ತೋಟ, ಮಂಜು. ಕಣ್ಣು ಕಿರಿದು ಮಾಡಿ ನೋಡಿದರೆ ನಿಮ್ಮ ಸಕಲೇಶಪುರವೇ. ಜೂನ್, ಜುಲೈಯಲ್ಲಿ ಎರಡು ಕಂಬಳಿ ಬೇಕು. ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ, ಒಂದಕ್ಕಿಂತ ಜಾಸ್ತಿ ತರಬೇಡಿ.

ಆ ಒಂದು ರೇಷ್ಮೆ ಸೀರೆಯ ಕಥೆ ಹೇಳಿಬಿಡುತ್ತೇನೆ. ನಾವು ಬಂದ ವಾರವೇ ಇಲ್ಲಿನ ಚರ್ಚ್ ಸಭೆಯವರು ಸ್ವಾಗತ ಕೂಟ ಇಟ್ಟಿದ್ದರು. "ಸಾ ನ್ನೆ"ಗೆ ಬನ್ನಿ ಅಂದರು. ನ್ನೆ ಅಂದರೆ ನಾಲ್ಕು ಅಂತ ನಾನು ವಿಮಾನದಲ್ಲೇ ಬಾಯಿಪಾಠ ಮಾಡಿದ್ದೆ. ಸಂಜೆ ನಾಲ್ಕಕ್ಕೆ ಸೀರೆ ಉಟ್ಟು, ಮಲ್ಲಿಗೆ ಇಲ್ಲವಲ್ಲ ಅಂತ ಕೊರಗಿಕೊಂಡು ಹೋದರೆ ಹಾಲ್ ಖಾಲಿ. ಇಬ್ಬರು ಅಜ್ಜಿಯರು ಬಾಳೆ ಎಲೆ ಮುಚ್ಚಿದ ಊಟ ಕಾಯುತ್ತಾ ಕುಳಿತಿದ್ದರು. ಇಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಮ್ಮ ಹತ್ತು ಅವರಿಗೆ ನಾಲ್ಕು. ಜನ ಬೆಳಿಗ್ಗೆ ಹತ್ತಕ್ಕೇ ಬಂದು, ಹಾಡಿ, ಕಾದು, ಮನೆಗೆ ಹೋಗಿದ್ದರು. ಆ ಅಜ್ಜಿಯರು ಮಾತ್ರ ಆರು ಗಂಟೆ ಕಾದಿದ್ದರು. ಒಂದು ಉಪಾಯ ಹೇಳುತ್ತೇನೆ: ಗಡಿಯಾರದಲ್ಲಿ ಗಂಟೆ ಮುಳ್ಳು ಎಲ್ಲಿದೆಯೋ ಅದರ ಎದುರು ಬದಿಯ ಅಂಕಿ ಓದಿ. ನಿಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು, ಒಂದೇ ದಿನದಲ್ಲಿ ಅಭ್ಯಾಸವಾಗುತ್ತದೆ.

ವಾರ ಹೇಗೆ ಅಂತ ಕೇಳಿದ್ದೀರಿ. ಇಲ್ಲಿ ವಾರ ಶುರುವಾಗುವುದೇ ಭಾನುವಾರದಿಂದ, ಮುಗಿಯುವುದೂ ಭಾನುವಾರಕ್ಕೆ. ಆರಾಧನೆ ಮೂರು ಗಂಟೆಗೆ ಕಡಿಮೆ ಇಲ್ಲ. ಯುವಕರದ್ದು, ಹೆಂಗಸರದ್ದು, ಹಿರಿಯರದ್ದು ಅಂತ ನಾಲ್ಕೈದು ಕ್ವಾಯರ್. ಎಲ್ಲವೂ ಹಾಡಬೇಕು, ಕೂತಲ್ಲೇ ಅಲ್ಲ, ಹೆಜ್ಜೆ ಹಾಕಿಕೊಂಡು. ಆಮೇಲೆ ಒಬ್ಬೊಬ್ಬರೇ ಹೊರಗೆ ಬಂದು ಸಾಲಾಗಿ ನಿಂತು ಎಲ್ಲರ ಕೈ ಕುಲುಕುತ್ತಾರೆ. ಕಾಣಿಕೆಗೆ ಬಂದ ಬಾಳೆಗೊನೆ, ಮೊಟ್ಟೆ, ಕೋಳಿಗಳ ಏಲಂ ಅಲ್ಲೇ ನಡೆಯುತ್ತದೆ. ನಮ್ಮಲ್ಲಿ ಬೆಳೆ ಹಬ್ಬದ ದಿನ ಮಾಡುತ್ತಾರಲ್ಲ, ಅದನ್ನೇ ಇಲ್ಲಿ ವಾರವಾರ ಮಾಡುತ್ತಾರೆ ಅಂದುಕೊಳ್ಳಿ. ಇವರು ಪ್ರತಿ ಸಲ ಬೇಡ ಬೇಡ ಅಂತ ಹೋಗಿ ಕೋಳಿಗೆ ಏಲಂ ಕೂಗಿ ಬರುತ್ತಾರೆ.

ಸೋಮವಾರದಿಂದ ಆಸ್ಪತ್ರೆ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ವಾರ್ಡು. ನೀವು ನರ್ಸ್ ಆಗಿದ್ದವರು, ನಿಮಗೆ ಕೆಲಸ ಹುಡುಕಬೇಕಾಗಿಲ್ಲ. ಆದರೆ ಒಂದು ಮಾತು. ಇಲ್ಲಿ ಸಿಸ್ಟರ್‌ಗಳು ಚೆನ್ನಾಗಿ ಓದಿಕೊಂಡು ಬಂದವರೇ. ಮೊದಲ ಆರು ತಿಂಗಳು ಕಲಿಸೋಕೆ ಹೋಗಬೇಡಿ. ನಾನು ಹೋದೆ. ಬೆಡ್‌ಶೀಟ್ ಹಾಸುವುದು ಹೇಗೆ ಅಂತ ತೋರಿಸಿದೆ! ಅವರು ನಗುತ್ತಾ ನೋಡಿದರು, ಮರುದಿನ ತಮ್ಮ ರೀತಿಯಲ್ಲೇ ಹಾಸಿದರು. ನಿಮ್ಮ ಯಜಮಾನರಿಗೆ ಲೆಕ್ಕದ ಪುಸ್ತಕ ಕೊಡುತ್ತಾರೆ ಅನಿಸುತ್ತದೆ. ಅವರಿಗೂ ಇದೇ ಮಾತು.

ಬುಧವಾರ ಹೆಂಗಸರ ಕೂಟ. ಶನಿವಾರ ಬಟ್ಟೆ ಒಗೆಯುವುದು, ಬಿಸಿಲು ಬಂದರೆ. ಸಂಜೆ ಮಕ್ಕಳಿಗೆ ಫೋನ್. ನಾವು ಊರಿಗಿಂತ ಎರಡೂವರೆ ಗಂಟೆ ಹಿಂದೆ ಇದ್ದೇವೆ. ನಮಗೆ ಊಟದ ಹೊತ್ತು ಆಗುವಾಗ ಅಲ್ಲಿ ಮೊಮ್ಮಕ್ಕಳು ಮಲಗಿರುತ್ತಾರೆ. ಇದನ್ನು ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಇದೆಲ್ಲ ಟೈಮ್‌ಟೇಬಲ್. ಆದರೆ ಯಾರಾದರೂ ತೀರಿಕೊಂಡರೆ ಅದೆಲ್ಲ ಬದಿಗೆ. ಸಾವಿನ ಮನೆಗೆ ಇಲ್ಲಿ ಎಂಸಿಬಾ ಅನ್ನುತ್ತಾರೆ. ಕೇರಿಗೆ ಕೇರಿಯೇ ಕೆಲಸ ಬಿಟ್ಟು ಹೋಗುತ್ತದೆ. ನೀವು ಸೀರೆಯ ಮೇಲೆ ಒಂದು ಕಿಟೆಂಗೆ ಬಟ್ಟೆ ಸುತ್ತಿಕೊಂಡು ಹೋಗಿ, ಹೆಂಗಸರ ಜೊತೆ ಚಾಪೆಯ ಮೇಲೆ ಕೂತರೆ ಸಾಕು. ಮಾತು ಬೇಡ. "ಪೋಲೆ" ಅನ್ನಿ. ಕಾಲು ಎಡವಿದವರಿಗೂ ಅದೇ ಮಾತು, ಗಂಡನನ್ನು ಕಳೆದುಕೊಂಡವರಿಗೂ ಅದೇ. ಅಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ನೀವು ಕೊಟ್ಟ ರಂಬಿರಂಬಿ, ಅಂದರೆ ದುಃಖದ ಮನೆಗೆ ಕೊಡುವ ಹಣ, ಹೆಸರಿನ ಸಮೇತ ಅದರಲ್ಲಿ ಬರೆಯುತ್ತಾರೆ. ಓದಿಯೂ ಹೇಳುತ್ತಾರೆ. ಮೊದಲ ಸಲ ನನಗೆ ಅಸಹ್ಯ ಅನಿಸಿತು. ಸಾವಿನ ಮನೆಯಲ್ಲಿ ಇದೆಂಥ ಪ್ರದರ್ಶನ ಅಂತ. ಆ ನೋಟ್‌ಬುಕ್ಕಿನ ಅರ್ಥ ನನಗೆ ತಿಳಿದದ್ದು ಏಳು ವರ್ಷದ ಮೇಲೆ. ಅದನ್ನು ಕೊನೆಗೆ ಹೇಳುತ್ತೇನೆ.

ಭಾಷೆ. ಬರುತ್ತದೆ, ಆದರೆ ನಾಚಿಕೆ ಬಿಡಬೇಕು. ಚಾಯ್, ಚಪಾತಿ, ಪೆಸಾ, ದುಕಾ ಅಂತ ಎಷ್ಟೋ ಮಾತು ನಮ್ಮದೇ ಕಡಲಿನಿಂದ ಹೋದದ್ದು. ಬರೆದ ಹಾಗೇ ಓದಬಹುದು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಇಳಿದಾಗ ಅವರಿಗೆ ತುಳು, ಕನ್ನಡ ಬರುತ್ತಿತ್ತಾ? ಕೂತು ಕಲಿತರು. ಹಾಗೆ ಬಂದವರ ಸಭೆಯಲ್ಲಿ ದೀಕ್ಷಾಸ್ನಾನ ಆದವಳು ನಾನು. ಇಲ್ಲಿ ರುಂಗ್ವೆಗೆ ಮೊರೇವಿಯನ್ ಮಿಷನರಿಗಳು 1891ರಲ್ಲಿ ಬಂದರು. ಈಗ ಉಡುಪಿಯವಳೊಬ್ಬಳು ಅದೇ ರುಂಗ್ವೆಯಲ್ಲಿ ವ್ಯಾಕರಣ ತಪ್ಪಿ ಬೈಸಿಕೊಳ್ಳುತ್ತಾಳೆ. ನನಗೆ ಇದರಲ್ಲಿ ಸ್ವಲ್ಪ ಹೆಮ್ಮೆಯೇ. ಹಳ್ಳಿಯಲ್ಲಿ ನ್ಯಾಕ್ಯೂಸಾ ಭಾಷೆ ಬೇರೆ ಇದೆ. ಅದರಲ್ಲಿ ಸದ್ಯಕ್ಕೆ "ನ್ದಾಗ" ಕಲಿತರೆ ಸಾಕು, ಥ್ಯಾಂಕ್ಸ್ ಅಂತ.

ವಯಸ್ಸಾದವರಿಗೆ ಇಲ್ಲಿ ಒಂದು ಸುಖ ಇದೆ. ದಾರಿಯಲ್ಲಿ ಮಕ್ಕಳು, ದೊಡ್ಡ ಆಫೀಸರ್‌ಗಳು ಸಹ "ಶಿಕಾಮೋ" ಅನ್ನುತ್ತಾರೆ. ಕಾಲಿಗೆ ಬೀಳುತ್ತೇನೆ ಅಂದ ಹಾಗೆ. ನೀವು "ಮರಹಬಾ" ಅನ್ನಬೇಕು. ಹಲೋ ಗಿಲೋ ಅಂದರೆ ಅವರ ಮುಖ ಸಣ್ಣದಾಗುತ್ತದೆ. ನಿಮಗಿಂತ ಹಿರಿಯರು ಸಿಕ್ಕರೆ ನೀವೇ ಮೊದಲು ಶಿಕಾಮೋ ಅನ್ನಿ. ನಿಮ್ಮನ್ನು "ಬೀಬಿ" ಅಂತ ಕರೆದರೆ ಗಾಬರಿಯಾಗಬೇಡಿ, ಅಜ್ಜಿ ಅಂತ ಅರ್ಥ. ನನ್ನನ್ನು ಮೊದಲ ಸಲ ಕರೆದಾಗ ಐವತ್ತೂ ಆಗಿರಲಿಲ್ಲ. ಕನ್ನಡಿ ನೋಡಿಕೊಂಡೆ.

ತರುವ ಸಾಮಾನು. ಬಿಪಿ, ಶುಗರ್ ಮಾತ್ರೆ ಆರು ತಿಂಗಳಿಗಾಗುವಷ್ಟು, ಡಾಕ್ಟರ ಚೀಟಿಯ ಜೊತೆ. ಹಳದಿ ಜ್ವರದ ಇಂಜೆಕ್ಷನ್ ಪುಸ್ತಕವನ್ನು ಪಾಸ್‌ಪೋರ್ಟಿನ ಒಳಗೇ ಇಡಿ. ಸೊಳ್ಳೆ ಪರದೆ ಇಲ್ಲೇ ಸಿಗುತ್ತದೆ. ಮೇಲೆ ಚಳಿಯಿದ್ದರೂ ಕೆಳಗೆ ಕ್ಯೇಲಾ ಕಡೆ ಹೋದರೆ ಮಲೇರಿಯಾ ಉಂಟು, ಜ್ವರ ಬಂದರೆ ಅದೇ ದಿನ ರಕ್ತ ತೋರಿಸಿ. ಪ್ಲಾಸ್ಟಿಕ್ ಚೀಲ ತರಲೇಬೇಡಿ, 2019ರ ಜೂನ್‌ನಿಂದ ಇಲ್ಲಿ ನಿಷೇಧ. ನಮ್ಮವರ ಪೆಟ್ಟಿಗೆ ತೆಗೆದರೆ ಉಪ್ಪಿನಕಾಯಿಗೆ ಮೂರು ಸುತ್ತು ಪ್ಲಾಸ್ಟಿಕ್ಕೇ ಅಲ್ವಾ? ಪರ್ಮಿಟ್ಟಿನ ಕೆಲಸ ಸಭೆಯ ಆಫೀಸಿನವರು ಮಾಡುತ್ತಾರೆ. ಮಿಷನರಿಗಳಿಗೆ ಕೊಡುವುದು ಸಿ ಕ್ಲಾಸ್, ಅಷ್ಟು ನೆನಪಿದ್ದರೆ ಸಾಕು.

ಊಟದ ಚಿಂತೆ ನಿಮಗೆ ಬೇಡವೇ ಬೇಡ. ಹಾಸನದಲ್ಲಿ ಮುದ್ದೆ ಉಂಡು ಬೆಳೆದವರಿಗೆ ಉಗಾಲಿ ಹೊಸದಲ್ಲ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಷ್ಟೆ. ರಾಗಿಗೆ ಇಲ್ಲಿ ಉಲೇಜಿ ಅನ್ನುತ್ತಾರೆ, ಗಂಜಿ ಕಾಯಿಸುತ್ತಾರೆ. ದಂಟಿನ ಸೊಪ್ಪು ಎಂಚಿಚಾ. ಕ್ಯೇಲಾದ ಅಕ್ಕಿಯ ಪರಿಮಳಕ್ಕೆ ನಾನು ಕುಚ್ಚಲಕ್ಕಿಯನ್ನೇ ಮರೆತೆ ಅಂತ ಹೇಳುತ್ತಿರುತ್ತೇನೆ. ಪೂರ್ತಿ ನಿಜ ಅಲ್ಲ. ಹೆರೆಮಣೆ ಹೊತ್ತು ತರಬೇಡಿ. ದಾರ್ ಎಸ್ ಸಲಾಮ್ ಮಾರ್ಕೆಟ್ಟಿನಲ್ಲಿ ಥೇಟ್ ನಮ್ಮದರಂಥದ್ದೇ ಸಿಗುತ್ತದೆ. ಅದಕ್ಕೆ ಎಂಬುಜಿ, ಅಂದರೆ ಆಡು ಅಂತ ಹೆಸರು. ಮೊದಲ ಸಲ ಅದನ್ನು ಕಂಡ ದಿನ ಅಂಗಡಿಯ ಎದುರೇ ಕಣ್ಣು ತುಂಬಿತು. ಅಂಗಡಿಯವನು ಪೋಲೆ ಅಂದ.

ಬೇಜಾರು ಆಗುತ್ತದೆ. ಕ್ರಿಸ್ಮಸ್ ವಾರದಲ್ಲಿ, ಮತ್ತೆ ಊರಲ್ಲಿ ಯಾರದ್ದಾದರೂ ಮದುವೆಯಾದಾಗ. ಮದ್ದಿಲ್ಲ.

ಈಗ ಆ ನೋಟ್‌ಬುಕ್ಕಿನ ವಿಷಯ. ನೀವು ಕೇಳದೇ ಇದ್ದದ್ದು, ಆದರೆ ನಾನು ಹೇಳಲೇಬೇಕಾದದ್ದು.

ನಮ್ಮ ಕಾಂಪೌಂಡಿಗೆ ರಾತ್ರಿ ಕಾವಲಿಗೆ ಒಬ್ಬರು ಬರುತ್ತಿದ್ದರು. ಅವರ ಮಗ ಓದಿನಲ್ಲಿ ಚುರುಕು. 2008ರಲ್ಲಿ ಅವನಿಗೆ ದೂರದ ಒಂದು ಬೋರ್ಡಿಂಗ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ಸರ್ಕಾರಿ ಶಾಲೆಯಲ್ಲಿ ಫಾರ್ಮ್ 4, ಅಂದರೆ ಹೈಸ್ಕೂಲಿನ ನಾಲ್ಕನೇ ವರ್ಷದವರೆಗಿನ ಫೀಸನ್ನು 2016ರಿಂದ ತೆಗೆದರು. ಆಗ ಇತ್ತು. ನಾನು ಕೊಡುತ್ತೇನೆ ಅಂದೆ. ಸಭೆಗೆ ಹೇಳಲಿಲ್ಲ, ಸಭಾಪಾಲಕರಿಗೆ ಹೇಳಲಿಲ್ಲ. ಬಲಗೈ ಮಾಡುವುದು ಎಡಗೈಗೆ ತಿಳಿಯಬಾರದು ಅಂತ ವಾಕ್ಯ ಇದೆಯಲ್ಲ, ಅದನ್ನು ಹಿಡಿದುಕೊಂಡೆ. ಗುಟ್ಟಾಗಿ ಕೊಡುವುದರಲ್ಲಿ ಒಂದು ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಟರ್ಮ್ ಶುರುವಾಗುವ ಮೊದಲು ಲಕೋಟೆಯಲ್ಲಿ ಹಾಕಿ ಗೇಟಿನ ಹತ್ತಿರ ಕೊಡುತ್ತಿದ್ದೆ. ಅವರು ಎರಡೂ ಕೈಯಲ್ಲಿ ತಗೊಳ್ಳುತ್ತಿದ್ದರು.

ಮರುವರ್ಷ ಇವರಿಗೆ ಸೊಂಟದ ಆಪರೇಷನ್ ಆಗಬೇಕಾಯಿತು. ಒಂದು ತಿಂಗಳು ಅಂತ ಊರಿಗೆ ಹೋದವರು ಆರು ತಿಂಗಳು ಉಳಿದೆವು. ಆಸ್ಪತ್ರೆ, ಮನೆ, ಮಗನ ಮದುವೆ ಮಾತು. ಲಕೋಟೆಯ ನೆನಪು ನನಗೆ ಬರಲಿಲ್ಲ. ಮರೆತೇಬಿಟ್ಟೆ, ತಂಗಿ. ಬೇರೆ ಕಾರಣವೇ ಇಲ್ಲ.

ತಿರುಗಿ ಬಂದ ದಿನ ಗೇಟು ತೆಗೆದವರು ಅವರೇ. ಇವರ ಕೋಲು ನೋಡಿ, "ಪೋಲೆ ಸನಾ" ಅಂದರು. ಮಗ ಹೇಗಿದ್ದಾನೆ ಅಂದೆ. ಚೆನ್ನಾಗಿದ್ದಾನೆ, ಓದುತ್ತಿದ್ದಾನೆ ಅಂದರು. ಆಗ ನೆನಪಾಯಿತು. ಓಡಿಹೋಗಿ ಲಕೋಟೆ ತಂದು ಕೊಟ್ಟೆ. ಸರಿಹೋಯಿತು ಅಂದುಕೊಂಡೆ.

ಮುಂದಿನ ವರ್ಷ ಅವರ ತಾಯಿ ತೀರಿಕೊಂಡರು. ನಾನು ಚಾಪೆಯ ಮೇಲೆ ಕೂತಿದ್ದೆ. ಹಸು ಕಡಿಯುವ ಹೊತ್ತಿಗೆ ಹೆಂಗಸರಲ್ಲಿ ಪಿಸುಪಿಸು ಶುರುವಾಯಿತು. ಹಿರಿ ಮಗನಾಗಿ ಅವರು ತರಬೇಕಾದ ಹಸು ಇರಲಿಲ್ಲ. ನ್ಯಾಕ್ಯೂಸಾದವರಿಗೆ ಹಸು ಅಂದರೆ ಹಾಲಿಗೆ ಮಾತ್ರ ಅಲ್ಲ. ಮದುವೆಗೆ ಅದೇ, ಸಾವಿಗೂ ಅದೇ, ಮನೆಯ ಮರ್ಯಾದೆಯೂ ಅದೇ. ಇದ್ದ ಒಂದನ್ನು ಅವರು ಹಿಂದಿನ ವರ್ಷ ಮಾರಿದ್ದರು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕುಡಿತಕ್ಕೆ ಇರಬೇಕು ಅಂತ ನನ್ನ ಪಕ್ಕದವಳು ಅಂದಳು. ಶಾಲೆಯಿಂದ ಹುಡುಗನನ್ನು ಮನೆಗೆ ಕಳಿಸಿದ್ದರು, ಫೀಸಿಗೆ ಹಸು ಹೋಯಿತು. ಇದು ಗೊತ್ತಿದ್ದದ್ದು ಅವರಿಗೆ. ಆ ಕ್ಷಣದಿಂದ ನನಗೆ.

ಅಲ್ಲೇ ಎದ್ದು ಹೇಳಬೇಕಿತ್ತು. ಭಾಷೆ ಬರುತ್ತಿತ್ತು. ಆದರೂ ಕೂತೇ ಇದ್ದೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ದೊಡ್ಡ ಮೊತ್ತ ಬರೆಸಿದೆ, ಓದಿದಾಗ ಎಲ್ಲರೂ ನನ್ನ ಕಡೆ ನೋಡಿದರು, ಬೀಬಿ ಎಷ್ಟು ಒಳ್ಳೆಯವಳು ಅಂತ. ನಾನು ಮೊದಲೇ ನಾಲ್ಕು ಜನರ ಎದುರು ಬರೆಸಿ ಕೊಟ್ಟಿದ್ದರೆ ನಾನು ಮರೆತ ಆರು ತಿಂಗಳಲ್ಲಿ ಇನ್ನೊಬ್ಬರಿಗೆ ನೆನಪಿರುತ್ತಿತ್ತು. ಎಡಗೈಗೆ ಗೊತ್ತಿದ್ದಿದ್ದರೆ ಆ ಟರ್ಮಿನ ಫೀಸು ಎಡಗೈ ಕೊಡುತ್ತಿತ್ತು.

ಒಂದು ವಾರದ ಮೇಲೆ ಇವರ ಜೊತೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹಸು ತಂದುಕೊಡುತ್ತೇವೆ ಅಂದೆವು. ಅವರು ಬೇಡ ಅಂದರು. ಒತ್ತಾಯ ಮಾಡಿದೆವು. ಕೊನೆಗೆ ತಗೊಂಡರು, ಆದರೆ ಅದರ ಮೊದಲ ಕರುವನ್ನು ತಂದು ನಮ್ಮ ಅಂಗಳದಲ್ಲಿ ಕಟ್ಟಿ ಹೋದರು. ಲೆಕ್ಕ ಅವರ ಕಡೆಯಿಂದ ಚುಕ್ತಾ. ಹುಡುಗ ಈಗ ಹತ್ತಿರದ ದೊಡ್ಡ ಊರು ಎಂಬೇಯಾದಲ್ಲಿ ಮೇಷ್ಟ್ರು. ಸಿಕ್ಕರೆ ಶಿಕಾಮೋ ಅನ್ನುತ್ತಾನೆ, ನಿಂತು ಮಾತಾಡುವುದಿಲ್ಲ.

ಹಾಗಾಗಿ ನೀವು ಬಂದ ಮೊದಲ ವಾರವೇ ನಿಮ್ಮ ಬಾಗಿಲಲ್ಲಿ "ಹೋದಿ", ಅಂದರೆ ಒಳಗೆ ಬರಬಹುದಾ ಅಂತ ಯಾರಾದರೂ ನಿಂತು ಕಷ್ಟ ಹೇಳಿಕೊಂಡರೆ, ಮನಸ್ಸು ಕರಗಿದರೆ, ಕರಗಲಿ. ಪರ್ಸ್ ತೆಗೆಯಬೇಡಿ. "ಕರಿಬು", ಅಂದರೆ ಬನ್ನಿ, ಅನ್ನಿ, ಕೂರಿಸಿ, ಚಹಾ ಕೊಡಿ. ಮರುದಿನ ಸಭಾಪಾಲಕರ ಹತ್ತಿರ ಹೋಗಿ, ಸಭೆಯ ಪುಸ್ತಕದಲ್ಲಿ ಬರೆಸಿ ಕೊಡಿ. ಎರಡು ವರ್ಷಕ್ಕೆ ಬಂದವರು ಎರಡು ವರ್ಷದ ಆಚೆಗೆ ಮಾತು ಕೊಡಬೇಡಿ. ನಿಮ್ಮ ಯಜಮಾನರಿಗೆ ಇದನ್ನು ಎರಡು ಸಲ ಓದಿ ಹೇಳಿ. ಗಂಡಸರು ಏಲಂನಲ್ಲಿ ಕೋಳಿ ಕೂಗಿದ ಹಾಗೆ ಮಾತು ಕೊಟ್ಟುಬಿಡುತ್ತಾರೆ.

ಟಿಕೆಟ್ ಆದ ಮೇಲೆ ತಿಳಿಸಿ. ದಾರ್‌ನಿಂದ ಎಂಬೇಯಾಗೆ ಎಂಟುನೂರು ಕಿಲೋಮೀಟರಿಗೂ ಜಾಸ್ತಿ, ಬಸ್ಸಿನಲ್ಲಿ ಬೆಳಗಿನಿಂದ ರಾತ್ರಿ. ಸೊಂಟ ಗಟ್ಟಿಯಿದ್ದರೆ ಬಸ್ಸಿನಲ್ಲೇ ಬನ್ನಿ, ರಸ್ತೆ ಮಿಕುಮಿ ಕಾಡಿನ ನಡುವೆ ಹೋಗುತ್ತದೆ, ಅದೃಷ್ಟ ಇದ್ದರೆ ಕಿಟಕಿಯಿಂದಲೇ ಆನೆ, ಜಿರಾಫೆ ಕಾಣುತ್ತವೆ. ಇಲ್ಲವಾದರೆ ಎಂಬೇಯಾಗೆ ವಿಮಾನ ಇದೆ, ಇವರು ಗಾಡಿ ತಗೊಂಡು ಬರುತ್ತಾರೆ. ಪೆಟ್ಟಿಗೆಯಲ್ಲಿ ತೂಕ ಉಳಿದರೆ ಕನ್ನಡ ಗೀತಪುಸ್ತಕ ಒಂದು ತನ್ನಿ, ದೊಡ್ಡ ಅಕ್ಷರದ್ದು. ನಮ್ಮದಕ್ಕೆ ಬೂಷ್ಟು ಹಿಡಿದು ಪುಟ ಅಂಟಿಕೊಂಡಿದೆ. ಇವರು ಅರ್ಧ ಚರಣ ಹಾಡಿ ಉಳಿದದ್ದನ್ನು ಗುನುಗುತ್ತಾರೆ. ಅದರ ದುಡ್ಡು ಎಷ್ಟಾಯಿತು ಅಂತ ಬರೆದಿಡಿ, ಮತ್ತೆ.